ಪಕ್ಕದಲ್ಲಿ ಮಲಗುವ ಅಮ್ಮ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್. ಬರುವವರು ಕನ್ನಡ, ತುಳು, ಮಲಯಾಳ ಯಾವುದನ್ನಾಡಿದರೂ ಫಿಟ್ಸ್ ಕಾಯಿಲೆಗೆ ‘ಅಪಸ್ಮಾರ’ ಎಂಬ ಶಬ್ದ ಎಲ್ಲರಿಗೂ ಒಂದೇ. ಅದನ್ನು ಹೇಳುವಾಗ ದನಿ ತಗ್ಗುವುದೂ ಒಂದೇ. ಕಳೆದ ಆಟಿ ತಿಂಗಳ ಮಳೆಯಲ್ಲಿ ಎಂಟು ವರ್ಷದ ಮಗಳ ಮಾತ್ರೆಗೆ ಬಂದ ಅಕ್ಕ ಕೊಡೆ ಮಡಚುತ್ತ ಕೇಳಿದರು, “ನಿದ್ದೆಯಲ್ಲಿ ಫಿಟ್ಸ್ ಬಂದರೆ ಗೊತ್ತಾಗುವುದು ಹೇಗೆ ಅಣ್ಣಾ?” ಮಳೆಯ ದೆಸೆಯಿಂದ ಎರಡು ದಿನ ಮಾತ್ರೆ ತಪ್ಪಿತ್ತು.

ಯಾರಿಗೂ ಗೊತ್ತಾಗದೆ ಮಗು ನಿದ್ದೆಯಲ್ಲೇ ತೀರಿಕೊಂಡರೆ ಎಂಬ ಆ ಭಯಕ್ಕೆ ವೈದ್ಯಕೀಯದಲ್ಲಿ ಒಂದು ಹೆಸರಿದೆ: ಸುಡೆಪ್. ಅಪಸ್ಮಾರ ಇದ್ದವರು ಹಠಾತ್ತನೆ ತೀರಿಕೊಂಡು, ಪೆಟ್ಟು ಬಿದ್ದದ್ದೂ ಇಲ್ಲ, ನೀರಿಗೆ ಬಿದ್ದದ್ದೂ ಇಲ್ಲ, ಶವಪರೀಕ್ಷೆಯಲ್ಲೂ ಕಾರಣ ಸಿಗಲಿಲ್ಲ ಎಂದಾಗ ಬಳಸುವ ಹೆಸರು. ಅಮೆರಿಕದ ನರರೋಗ ತಜ್ಞರ 2017ರ ಮಾರ್ಗಸೂಚಿ ಪ್ರಕಾರ ವರ್ಷಕ್ಕೆ ಅಪಸ್ಮಾರವಿರುವ 4,500 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಕೆನಡಾದ ಒಂಟಾರಿಯೋದಲ್ಲಿ ಲೆಕ್ಕ ಹಾಕಿದಾಗ ಅದು ಸಾವಿರಕ್ಕೆ ಒಂದರ ಆಸುಪಾಸಿಗೆ ಬಂತು. ಅಪರೂಪವೇ. ಆದರೆ ಹೇಳದೆ ಮುಚ್ಚಿಡುವಷ್ಟು ಅಪರೂಪವಲ್ಲ.

ಇಂಥ ಸಾವುಗಳಲ್ಲಿ ಹೆಚ್ಚಿನವು ರಾತ್ರಿಯಲ್ಲಿ, ಯಾರೂ ನೋಡದಾಗ. ಎಷ್ಟೋ ಸಲ ಮಗು ಕವುಚಿ ಬಿದ್ದಿರುತ್ತದೆ. ಆಸ್ಪತ್ರೆಯಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳು, ದಾಖಲಾಗುತ್ತಿದ್ದಾಗಲೇ ಆದ ಕೆಲವು ಸಾವುಗಳನ್ನು 2013ರ ಅಧ್ಯಯನವೊಂದು ಪರಿಶೀಲಿಸಿತು. ಆ ಸಾವುಗಳಲ್ಲಿ ಕಂಡದ್ದು ಇದು: ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ನಿಂತ ಮೇಲೆ ಉಸಿರು ಬಿರುಸಾಗುತ್ತದೆ, ಮೂರು ನಿಮಿಷದೊಳಗೆ ಉಸಿರೂ ಹೃದಯವೂ ತಡವರಿಸುತ್ತವೆ. ಪೂರ್ತಿ ನಿಲ್ಲುವುದು ಮೊದಲು ಉಸಿರು, ಆಮೇಲೆ ಹೃದಯ. ಅಂದರೆ ‘ಅಬ್ಬ, ನಿಂತಿತು’ ಎನ್ನುವ ಹೊತ್ತಿಗೇ ಮಗುವಿನ ಎದೆ ಏರಿಳಿಯುತ್ತಿದೆಯೇ ಎಂದು ನೋಡಬೇಕು.

ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ನಮ್ಮದು. ಫಿಟ್ಸ್ ಯಾಕೆ ಬಂತೆಂದು ಗಂಟೆಗಟ್ಟಲೆ ಮಾತಾಡುತ್ತೇವೆ. ಬಂದ ರಾತ್ರಿ ಏನು ಮಾಡಬೇಕೆಂಬ ಮಾತು ಮಾತ್ರ ಬರುವುದೇ ಇಲ್ಲ. ಕೈಗೆ ಬೀಗದಕೈ ತುರುಕುವುದು ಇನ್ನೂ ನಿಂತಿಲ್ಲ. ಅದರಿಂದ ಏನೂ ಆಗದು. ಬಾಯಿಗೆ ಏನನ್ನೂ ಇಡದೆ, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಮಾತ್ರೆ ತಪ್ಪಿದರೆ ಫಿಟ್ಸ್ ಹೆಚ್ಚುತ್ತದೆ, ಮೈಯೆಲ್ಲ ಅದುರುವ ಫಿಟ್ಸ್ ಹೆಚ್ಚಿದಷ್ಟೂ ಸುಡೆಪ್ ಭಯ. ಒಂದೇ ಕೋಣೆಯಲ್ಲಿ ಇನ್ನೊಬ್ಬರು ಮಲಗಿದರೆ ಅಪಾಯ ಕಡಿಮೆ ಎಂದು ಸ್ವೀಡನ್ನಿನ 2020ರ ಅಧ್ಯಯನ ಕಂಡುಕೊಂಡಿದೆ.

ಇದನ್ನೆಲ್ಲ ನನಗೆ ತಿಳಿದ ಮಟ್ಟಿಗೆ ಹೇಳಿದೆ. “ಅವಳು ಮಲಗುವುದು ನನ್ನ ಪಕ್ಕದಲ್ಲೇ” ಎಂದರು ಅಕ್ಕ. ಪರ್ಸು ಬಿಡಿಸಿ ಚಿಲ್ಲರೆ ಎಣಿಸಿ, ಒಂದು ಸ್ಟ್ರಿಪ್ ಬದಲು ಎರಡು ಕೇಳಿದರು.