ಆಘಾತವಾದ ಕೂಡಲೇ ಎಲ್ಲ ಹೇಳಿಸಬೇಕಾ?

ದೊಡ್ಡ ಅಪಘಾತದಲ್ಲಿ ಬದುಕುಳಿದವರನ್ನು ನೋಡಲು ಹೋದವರು "ಏನೇನಾಯ್ತು ಹೇಳಿಬಿಡಿ, ಮನಸ್ಸು ಹಗುರಾಗುತ್ತೆ" ಅನ್ನುತ್ತಾರೆ. ಒಂದು ಕಾಲಕ್ಕೆ ತಜ್ಞರೂ ಹಾಗೇ ನಂಬಿದ್ದರು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗಾಗಿ 'ಡಿಬ್ರೀಫಿಂಗ್' ಎಂಬ ಕ್ರಮ ರೂಪಿಸಿದರು. ಘಟನೆಯಾದ ಕೆಲವೇ ದಿನಗಳಲ್ಲಿ ಒಮ್ಮೆ ಕೂತು ಕಂಡದ್ದು, ಅನಿಸಿದ್ದು ಎಲ್ಲ ಹೇಳಿಕೊಳ್ಳುವುದು. ಬರಬರುತ್ತಾ ಸಂತ್ರಸ್ತರಿಗೂ ಇದನ್ನೇ ಮಾಡಿಸತೊಡಗಿದರು.

ಇದರಿಂದ ನಿಜಕ್ಕೂ ಉಪಯೋಗವಿದೆಯಾ? ವೇಲ್ಸ್‌ನ ಜೊನಾಥನ್ ಬಿಸ್ಸನ್ ಮತ್ತು ಸಂಗಡಿಗರು ಸುಟ್ಟಗಾಯವಾದ 133 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಡಿಬ್ರೀಫಿಂಗ್, ಇನ್ನೊಂದಕ್ಕೆ ಇಲ್ಲ. 1997ರಲ್ಲಿ ಫಲಿತಾಂಶ ಬಂತು. 13 ತಿಂಗಳ ನಂತರ ಡಿಬ್ರೀಫಿಂಗ್ ಆದವರಲ್ಲಿ ಶೇ 26 ಮಂದಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನೆನಪು, ಭಯ ಬಹುಕಾಲ ಬಿಡದೆ ಕಾಡುವ ಕಾಯಿಲೆ ಇತ್ತು. ಆಗದವರಲ್ಲಿ ಶೇ 9 ಮಾತ್ರ! ಮೊದಲ ಗುಂಪಿನವರ ಗಾಯಗಳು ಸ್ವಲ್ಪ ಜಾಸ್ತಿಯೇ ಇದ್ದವು, ಹಾಗಾಗಿ ಇದೊಂದನ್ನೇ ನೆಚ್ಚುವಂತಿರಲಿಲ್ಲ. ಆದರೆ ಆಕ್ಸ್‌ಫರ್ಡ್‌ನಲ್ಲಿ ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷದ ನಂತರ ನೋಡಿದಾಗಲೂ, ಮೊದಲಿಗೆ ತುಂಬಾ ಕಂಗೆಟ್ಟಿದ್ದವರಲ್ಲಿ ಡಿಬ್ರೀಫಿಂಗ್ ಆದವರೇ ಚೇತರಿಸಿಕೊಂಡಿರಲಿಲ್ಲ. ಒಳ್ಳೇ ಮನಸ್ಸಿನಿಂದ ಮಾಡಿದ್ದೂ ನೋವು ಹೆಚ್ಚಿಸಬಹುದು ಅನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ.

ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಆ ದೃಶ್ಯವೇ ಕಣ್ಣಮುಂದೆ ಬರುವುದು ಸಹಜ. ಹೆಚ್ಚಿನವರಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಆಗ ಬೇಕಾದ್ದು ಸುರಕ್ಷಿತ ಜಾಗ, ನೀರು, ಊಟ, ಮನೆಯವರಿಗೊಂದು ಫೋನ್, ಪಕ್ಕದಲ್ಲೊಬ್ಬರು. ಅವರಾಗಿ ಮಾತಾಡಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ತಿಂಗಳಾದರೂ ಕಡಿಮೆಯಾಗದಿದ್ದರೆ ಚಿಕಿತ್ಸೆ ಬೇಕು. ಅಂಥ ಒಂದು ಚಿಕಿತ್ಸೆ 'ಪ್ರೊಲಾಂಗ್ಡ್ ಎಕ್ಸ್‌ಪೋಶರ್'. ಅಲ್ಲೂ ನಡೆದದ್ದನ್ನು ಹೇಳಲೇಬೇಕು, ಆದರೆ ಹೇಳುವ ರೀತಿ ಬೇರೆ. ಕಣ್ಣು ಮುಚ್ಚಿ, ಈಗ ನಡೆಯುತ್ತಿದೆ ಎಂಬಂತೆ, "ಲಾರಿ ಬರ್ತಾ ಇದೆ, ಬ್ರೇಕ್ ಹಿಡೀತಿಲ್ಲ" ಅಂತ ಹೇಳಿಸುತ್ತಾರೆ. ಅದನ್ನೇ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ವಾರವಾರ ಹೀಗೆ ಮಾಡುತ್ತಾ ಹೋದಂತೆ ಭಯದ ಹಿಡಿತ ಸಡಿಲವಾಗುತ್ತದೆ. ಬಿಟ್ಟಿದ್ದ ರಸ್ತೆಯಲ್ಲಿ ಮತ್ತೆ ಓಡಾಡಲು ಶುರುಮಾಡುತ್ತಾರೆ. ಡಿಬ್ರೀಫಿಂಗ್‌ನಲ್ಲಿ ಗಾಬರಿ ಏರುತ್ತಿತ್ತು, ಇಳಿಯುವಷ್ಟು ಹೊತ್ತೇ ಸಿಗುತ್ತಿರಲಿಲ್ಲ ಎಂಬ ವಿವರಣೆ ನನಗೆ ಸರಿಯೆನಿಸುತ್ತದೆ.

ಜೆರುಸಲೇಮ್‌ನ ಅರೀ ಶಾಲೆವ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗನೆ ಈ ಚಿಕಿತ್ಸೆ ಪಡೆದವರಲ್ಲಿ ಐದು ತಿಂಗಳಿಗೆ ಸುಮಾರು ಶೇ 21 ಮಂದಿಗೆ ಪಿಟಿಎಸ್‌ಡಿ ಉಳಿದಿತ್ತು. ಕಾಯುತ್ತಿದ್ದವರಲ್ಲಿ ಶೇ 58. ಹಾಗೆ ಕಾದವರಿಗೂ ಆಮೇಲೆ ಅದೇ ಚಿಕಿತ್ಸೆ ಕೊಟ್ಟರು. ಒಂಬತ್ತು ತಿಂಗಳಾಗುವಷ್ಟರಲ್ಲಿ ಎರಡೂ ಗುಂಪು ಸರಿಸಮ. ಹಾಗಾಗಿ ಘಟನೆಯಾಗಿ ಕೆಲವು ತಿಂಗಳೇ ಕಳೆದಿದ್ದರೂ ತಡವಾಯಿತೆಂದು ಸುಮ್ನೆ ಇರಬೇಡಿ. ಯಾರನ್ನು ಕಾಣುವುದೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.