ಬೀಪ್ ಅಂದ ಮಾತ್ರಕ್ಕೆ ವೈರು ಸರಿ ಅಂತಲ್ಲ

ಹೆಡ್‌ಲೈಟ್ ಮಂಕಾಗಿದೆ ಎಂದು ಗಾಡಿ ಬರುತ್ತದೆ. ಬಲ್ಬ್ ಹೊಸದು. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12.5 ವೋಲ್ಟ್. ವೈರು ತುಂಡಾಗಿಲ್ಲದಿದ್ದರೆ ಕೂಗುವ ಬೀಪ್ ಮೋಡಿಗೆ ಹಾಕಿದರೆ ಮೀಟರ್ ಚೆನ್ನಾಗೇ ಕೂಗುತ್ತದೆ. ವೈರಿಂಗ್ ಸರಿ ಎಂದುಕೊಂಡು ಇನ್ನೊಂದು ಬಲ್ಬ್ ಹಾಕುತ್ತಾರೆ. ಬೆಳಕು ಮಾತ್ರ ಹಾಗೇ ಇರುತ್ತದೆ.

ಮೀಟರ್ ಇಲ್ಲಿ ಸುಳ್ಳು ಹೇಳಿಲ್ಲ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಆದರೆ 55 ವ್ಯಾಟ್ ಬಲ್ಬಿಗೆ ಸುಮಾರು 4.5 ಆಂಪಿಯರ್ ಬೇಕಲ್ವಾ? ತುಕ್ಕು ಹಿಡಿದ ಜಾಯಿಂಟಿನಲ್ಲಿ ಅರ್ಧ ಓಮ್ ಇದ್ದರೆ ಸಾಕು, ಸುಮಾರು 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಆ ಅರ್ಧ ಓಮನ್ನು ಬೀಪ್ ಹಿಡಿಯುವುದೇ ಇಲ್ಲ. ಓಮ್ ಮೋಡಿನಲ್ಲಿ ಅಳೆದರೂ ನಂಬುವುದು ಕಷ್ಟ, ಮೀಟರಿನ ಲೀಡುಗಳಲ್ಲೇ ಒಂದಿಷ್ಟು ರೆಸಿಸ್ಟೆನ್ಸ್ ಇರುತ್ತದೆ.

ಅದಕ್ಕೇ ನಾನು ವೋಲ್ಟೇಜ್ ಡ್ರಾಪ್ ಟೆಸ್ಟನ್ನು, ಅಂದರೆ ಕರೆಂಟ್ ಹರಿಯುತ್ತಿರುವಾಗಲೇ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು ನೋಡುವುದನ್ನು, ಇಷ್ಟು ನಂಬುವುದು. ಏನನ್ನೂ ಬಿಚ್ಚಬೇಡಿ. ಲೈಟ್ ಉರಿಯುತ್ತಿರಲಿ. ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್ ಮೇಲೆ, ಕೆಂಪು ಪ್ರೋಬ್ ಬಲ್ಬಿನ ಅರ್ಥ್ (ಮೈನಸ್) ಪಿನ್ನಿನ ಮೇಲೆ. 0.2 ವೋಲ್ಟಿನ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಜಾಸ್ತಿ ಬಂದರೆ ಕೆಂಪು ಪ್ರೋಬನ್ನು ಒಂದೊಂದೇ ಜಾಯಿಂಟ್ ದಾಟಿಸುತ್ತಾ ಬ್ಯಾಟರಿ ಕಡೆಗೆ ತನ್ನಿ. ಯಾವ ಜಾಯಿಂಟ್ ದಾಟಿದಾಗ ರೀಡಿಂಗ್ ತಟ್ಟನೆ ಇಳಿಯಿತೋ ತೊಂದರೆ ಅಲ್ಲೇ ಇದೆ. ಎಷ್ಟೋ ಸಲ ಅದು ಗಾಡಿಯ ಬಾಡಿಯ ಮೇಲೆ ಬಿಗಿದ ಅರ್ಥ್ ಬೋಲ್ಟೇ ಆಗಿರುತ್ತದೆ. ಕೆಳಗಿನ ಪೇಂಟ್, ತುಕ್ಕು ಉಜ್ಜಿ ಬಿಗಿದರೆ ಕೆಲಸ ಮುಗಿಯಿತು. ಪ್ಲಸ್ ಕಡೆಗೂ ಇದೇ ರೀತಿ. ಅಲ್ಲಿ ಫ್ಯೂಸ್, ರಿಲೇ, ಸ್ವಿಚ್ ಎಲ್ಲ ದಾಟಬೇಕಾದ್ದರಿಂದ ಅರ್ಧ ವೋಲ್ಟಿನವರೆಗೆ ಒಪ್ಪಬಹುದು.

ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ಎಳೆಯದಿದ್ದರೂ ಇದೇ ದಾರಿ. ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಅದು ಸರಿಯಿದ್ದೂ ಸೆಲ್ಫ್ ನಿಧಾನವಾದರೆ ಒಂದು ಪ್ರೋಬ್ ಬ್ಯಾಟರಿಯ ಪೋಸ್ಟಿಗೆ, ಇನ್ನೊಂದು ಅದನ್ನೇ ಹಿಡಿದ ಕ್ಲಾಂಪಿಗೆ ಇಟ್ಟು ಸೆಲ್ಫ್ ಹೊಡೆಸಿ. ಎರಡರ ನಡುವೆಯೇ ಅರ್ಧ ವೋಲ್ಟ್ ಕಂಡರೆ ಮೊದಲು ಕ್ಲಾಂಪ್ ಸ್ವಚ್ಛ ಮಾಡಿ. ಸುಮ್ನೆ ಬ್ಯಾಟರಿ ಬದಲಿಸುವುದು ಬೇಡ.

ಆಂಪಿಯರ್ ಅಳೆಯುವಾಗ ಮಾತ್ರ ತುಂಬಾ ಎಚ್ಚರ. ಕೆಂಪು ಲೀಡ್ ಆಂಪಿಯರ್ ತೂತಿನಲ್ಲೇ ಉಳಿದಿರುವಾಗ ಬ್ಯಾಟರಿಯ ಎರಡೂ ಕಡೆ ಮುಟ್ಟಿಸಿದರೆ ನೇರ ಶಾರ್ಟ್. ಸಾಮಾನ್ಯ ಮೀಟರಿನ ಮಿತಿ 10 ಆಂಪಿಯರ್, ಸೆಲ್ಫ್ ನೂರಕ್ಕೂ ಜಾಸ್ತಿ ಎಳೆಯುತ್ತದೆ. ಅದಕ್ಕೆ ವೈರಿನ ಸುತ್ತ ಹಿಡಿದು ಅಳೆಯುವ ಕ್ಲಾಂಪ್ ಮೀಟರ್ ಬೇಕು. ಏರ್‌ಬ್ಯಾಗ್ ವೈರಿಗೆ ಓಮ್ ಮೋಡ್ ಹಿಡಿಯಲೇಬೇಡಿ, ಮೀಟರ್ ಕಳಿಸುವ ಕರೆಂಟಿಗೇ ಏರ್‌ಬ್ಯಾಗ್ ಸಿಡಿಯಬಹುದು. ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಆ ತರಬೇತಿ, ಆ ಗ್ಲೌಸ್ ಇಲ್ಲದವರು ಅದನ್ನು ಮುಟ್ಟಬಾರದು.