ರೂಮಿನ ಹುಡುಗರಿಗೆ ಸಂಘದಲ್ಲಿ ಜಾಗ ಯಾಕಿಲ್ಲ?

ನೀರು ಬಿಡುವ ದಿನ ಬಳ್ಳಾರಿಯ ಬಡಾವಣೆಗಳಲ್ಲಿ ಮೊದಲು ತುಂಬುವುದು ಮಾಲೀಕರ ಸಂಪು. ಮಹಡಿ ರೂಮಿನ ಹುಡುಗರು ಆಗ ಕಾಲೇಜಿನಲ್ಲಿರುತ್ತಾರೆ. ಸಂಜೆ ಬಂದು ಕೊಡ ಹಿಡಿದು ಇಳಿಯುವ ಹೊತ್ತಿಗೆ ನಲ್ಲಿ ಒಣಗಿರುತ್ತದೆ. ಹೊತ್ತು ಬದಲಿಸಿ ಎಂದು ಬಡಾವಣೆ ಕ್ಷೇಮಾಭಿವೃದ್ಧಿ ಸಂಘಕ್ಕೆ ಹೇಳಹೋದರೆ, "ಇವತ್ತು ಇರ್ತೀರಿ, ನಾಳೆ ಹೋಗ್ತೀರಿ, ನಿಮಗ್ಯಾಕ ಇದೆಲ್ಲ?" ಎಂಬ ಮಾತು.

ಈ ಮಾತು ಹಳೆಯದು. ಸೈಟು ಕೊಂಡವರು ರಸ್ತೆ, ಚರಂಡಿ, ಬೀದಿದೀಪಕ್ಕಾಗಿ ಕಚೇರಿಗಳಿಗೆ ಅಲೆಯುವಾಗ ಕಟ್ಟಿಕೊಂಡ ಸಂಘಗಳಿವು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘವಾಯಿತು. ಯಾರು ಸದಸ್ಯರು ಎಂಬುದು ಬೈಲಾಕ್ಕೆ ಬಿಟ್ಟ ವಿಚಾರ. ಬರೆದವರು ಸೈಟಿನವರು, 'ಮಾಲೀಕರು' ಎಂದು ಬರೆದರು. ಆಗ ಅದು ತಪ್ಪಾಗಿರಲಿಲ್ಲ. ಬಾಡಿಗೆಗೆ ಕೊಡಲು ಮನೆಗಳೇ ಎದ್ದಿರಲಿಲ್ಲ.

ಮನೆಗಳು ಎದ್ದವು, ಮೇಲೆ ರೂಮುಗಳೂ ಎದ್ದವು. 1961ರ ವೈದ್ಯಕೀಯ ಕಾಲೇಜು ಮೊದಲೇ ಇತ್ತು, 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು. ಸಿರುಗುಪ್ಪ, ಸಂಡೂರು, ಕೂಡ್ಲಿಗಿ ಕಡೆಯ ಮಕ್ಕಳಲ್ಲಿ ಹಾಸ್ಟೆಲ್ ಸಿಗದವರು ಓಣಿಗಳಿಗೆ ಬಂದರು.

ಅಷ್ಟರಲ್ಲಿ ಕಾನೂನು ಬಹಳ ಮುಂದೆ ಹೋಗಿತ್ತು. ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ 18 ತುಂಬಿದವರಿಗೆ ಮತ ಕೊಟ್ಟಿತು. ಓದುವ ಊರಿನಲ್ಲೇ ಹೆಸರು ಸೇರಿಸಿಕೊಳ್ಳಲು ವಿದ್ಯಾರ್ಥಿಗೆ ಚುನಾವಣಾ ಆಯೋಗ ಅವಕಾಶ ಕೊಟ್ಟಿದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯಂತೂ ಇನ್ನೂ ನೇರ: ಮನೆ ಇದ್ದ ಮಾತ್ರಕ್ಕೆ ಯಾರೂ ಅಲ್ಲಿನ ವಾಸಿ ಆಗುವುದಿಲ್ಲ. ಬೆಂಗಳೂರಿನಲ್ಲಿ ಕುಳಿತ ಮಾಲೀಕರಿಗೆ ಸಂಘದಲ್ಲಿ ಮತವುಂಟು, ಅವರದೇ ಮಹಡಿಯಲ್ಲಿ ಮಲಗುವ ಹುಡುಗನಿಗಿಲ್ಲ. ಇದನ್ನು ನಾನು ಒಪ್ಪಲಾರೆ.

ಖಾಸಗಿ ಸಂಘ, ಅವರಿಷ್ಟ ಎನ್ನಬಹುದಿತ್ತು. ಆದರೆ 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಹೆಚ್ಚು ಜನರಿರುವ ಊರುಗಳಿಗೆ ವಾರ್ಡ್ ಸಮಿತಿ ಬೇಕೆಂದಿತು. 2011ರ ಜನಗಣತಿಯಲ್ಲೇ ಬಳ್ಳಾರಿ ನಾಲ್ಕು ಲಕ್ಷ ದಾಟಿದೆ. ರಾಜ್ಯದ ಪಾಲಿಕೆ ಕಾಯ್ದೆ ಈ ಸಮಿತಿಯಲ್ಲಿ ನಿವಾಸಿ ಸಂಘಗಳಿಗೆ ಎರಡು ಸ್ಥಾನ ಇಟ್ಟಿದೆ. ಸಾರ್ವಜನಿಕ ಸಮಿತಿಯಲ್ಲಿ ಕೂರುವ ಸಂಘ ಅರ್ಧ ಓಣಿಯನ್ನು ಹೊರಗಿಟ್ಟು 'ನಿವಾಸಿಗಳು' ಎನ್ನಲು ಬರುತ್ತದೆಯೇ?

ಮಾಲೀಕರ ಆತಂಕ ಸುಳ್ಳಲ್ಲ. ಎರಡು ವರ್ಷಕ್ಕೆ ಹೋಗುವವರು ಸಮುದಾಯ ಭವನದ ಸಾಲ ತೀರಿಸುವುದಿಲ್ಲ. ಆಸ್ತಿ, ನಿಧಿಯ ತೀರ್ಮಾನ ಮಾಲೀಕರಲ್ಲೇ ಇರಲಿ. ನೀರು, ಕಸ, ದೀಪದ ವಿಚಾರಕ್ಕೆ ಬಾಡಿಗೆದಾರರಿಂದ ಇಬ್ಬರು, ವರ್ಷಕ್ಕೊಮ್ಮೆ ಬದಲಾಗಲಿ. ಚಂದಾ ಅವರೂ ಕೊಡಲಿ. ಯಾವ ಕಂಬದ ದೀಪ ಉರಿಯುತ್ತಿಲ್ಲ ಎಂಬುದು ರಾತ್ರಿ ಒಂಬತ್ತಕ್ಕೆ ಲೈಬ್ರರಿಯಿಂದ ನಡೆದು ಬರುವ ಪಿಜಿ ಹುಡುಗಿಗೆ ಗೊತ್ತಿರುವಷ್ಟು ಸಂಘದ ಕಾರ್ಯದರ್ಶಿಗೆ ಗೊತ್ತಿರುವುದಿಲ್ಲ.